ಅಳಿವೆ ಕೆಸರಿನಲ್ಲಿ ಬೆಂಕಿತಡೆ ರಾಸಾಯನಿಕ: ಮೈಸೂರು-ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಈಗ ಮೈಸೂರು, ಮಂಡ್ಯ ಸುತ್ತಮುತ್ತ ಶಾಲೆ, ಹಾಲಿನ ಸಂಘ, ಬಡಾವಣೆ ಸಭೆ ಅಂತ ಯಾರು ಕರೆದರೂ ಹೋಗಿ ಈ ವಿಷಯ ಮಾತಾಡುತ್ತೇನೆ. ಹೋದ ಕಡೆಯೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಕೊನೆಯ ಎರಡು ಪ್ರಶ್ನೆಗಳನ್ನಾದರೂ ಓದಿ.

ಮೈಸೂರಿನಲ್ಲಿ ಸಮುದ್ರವೇ ಇಲ್ಲ. ಅಳಿವೆ ಕೆಸರಿನ ಚಿಂತೆ ನಮಗ್ಯಾಕೆ?

ಈ ಪ್ರಶ್ನೆ ಬರದ ಸಭೆಯೇ ಇಲ್ಲ. ಅಳಿವೆ ಅಂದರೆ ನದಿ ಸಮುದ್ರ ಸೇರುವ ಜಾಗ. ಸಿಹಿನೀರು, ಉಪ್ಪುನೀರು ಬೆರೆಯುವ ಬಾಯಿ. ನಮ್ಮ ಕಾವೇರಿಗೂ ಅಂಥ ಬಾಯಿ ಇದೆ, ತಮಿಳುನಾಡಿನ ಪೂಂಪುಹಾರ್ ಹತ್ತಿರ. ಈ ಎರಡು ಜಿಲ್ಲೆಗಳ ಚರಂಡಿ ನೀರು ಕಬಿನಿ, ಲೋಕಪಾವನಿ, ಶಿಂಷಾ ಅಂತ ಯಾವ ದಾರಿ ಹಿಡಿದರೂ ಕೊನೆಗೆ ಸೇರುವುದು ಕಾವೇರಿಗೇ. ಮೈಸೂರಿನ ಕೊಳಚೆ ನೀರು ಶುದ್ಧ ಮಾಡಲು ಕೆಸರೆ, ವಿದ್ಯಾರಣ್ಯಪುರಂ, ರಾಯನಕೆರೆ ಅಂತ ಮೂರು ಕಡೆ ಘಟಕಗಳಿವೆ. ಆದರೆ ಮಳೆ ಬಂದಾಗ ರಸ್ತೆ ತೊಳೆದುಕೊಂಡು ಹೋಗುವ ನೀರು ಯಾವ ಘಟಕಕ್ಕೂ ಕಾಯುವುದಿಲ್ಲ.

ಇನ್ನೊಂದು ಮಾತು. ನಮ್ಮೂರಿನ ಮಾರುಕಟ್ಟೆಗೆ ಬರುವ ಬಂಗುಡೆ, ಬೂತಾಯಿ ಎಲ್ಲಿಂದ ಬರುತ್ತವೆ? ಮಂಗಳೂರಿಂದ ತಾನೇ. ನಾವು ಸಮುದ್ರದಿಂದ ದೂರ ಇದ್ದೇವೆ, ನಿಜ. ನಮ್ಮ ತಟ್ಟೆ ದೂರ ಇಲ್ಲ.

ಬೆಂಕಿತಡೆ ರಾಸಾಯನಿಕ ಅಂದರೆ ಏನು? ನಮ್ಮ ಮನೆಯಲ್ಲೂ ಇದೆಯಾ?

ಪ್ಲಾಸ್ಟಿಕ್, ಫೋಮ್, ಬಟ್ಟೆ ಬೇಗ ಹೊತ್ತಿಕೊಳ್ಳದಿರಲಿ ಅಂತ ಕಾರ್ಖಾನೆಯಲ್ಲೇ ಬೆರೆಸುವ ಪುಡಿ, ಇಲ್ಲವೇ ಎಣ್ಣೆಯಂಥ ದ್ರವ. ಪೆಟ್ರೋಲಿಯಂನಿಂದ ಮಾಡಿದ ಸಾಮಾನು ಮನೆ ತುಂಬಿದ ಮೇಲೆ ಇದರ ಬಳಕೆ ಜಾಸ್ತಿ ಆಯಿತು.

ಇವುಗಳಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡದ್ದು ಪಿಬಿಡಿಇ ಎಂಬ ಗುಂಪು. ಪೂರ್ತಿ ಹೆಸರು ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್. ಬ್ರೋಮಿನ್ ಅಂದರೆ ಕ್ಲೋರಿನ್, ಅಯೋಡಿನ್ ಜಾತಿಯ ಒಂದು ಮೂಲವಸ್ತು. ಅದು ಎಷ್ಟಿದೆ, ಎಲ್ಲಿ ಕೂತಿದೆ ಅನ್ನುವುದರ ಮೇಲೆ ಇದರಲ್ಲಿ 209 ಬಗೆ. ಮಾರುಕಟ್ಟೆಗೆ ಬಂದದ್ದು ಮುಖ್ಯವಾಗಿ ಮೂರು ಮಿಶ್ರಣ: ಪೆಂಟಾ, ಆಕ್ಟಾ, ಡೆಕಾ. ಪೆಂಟಾ ಸೋಫಾದ ಫೋಮಿಗೆ ಹೋಗುತ್ತಿತ್ತು. ಆಕ್ಟಾ ಕಂಪ್ಯೂಟರಿನ ಗಟ್ಟಿ ಪ್ಲಾಸ್ಟಿಕ್ಕಿಗೆ. ಡೆಕಾ ಟಿವಿಯ ಕವಚಕ್ಕೆ, ಪರದೆ ಬಟ್ಟೆಯ ಹಿಂಬದಿ ಲೇಪಕ್ಕೆ. ಡೆಕಾ ಬಳಸಿದ ಹಳೆಯ ಡಬ್ಬಾ ಟಿವಿಗಳ ಕವಚದ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಇದೇ ಇರುತ್ತಿತ್ತು. ಅಂದರೆ ಎರಡು ಕಿಲೋ ತೂಗುವ ಕವಚದಲ್ಲಿ ಕಾಲು ಕಿಲೋ. ಇದನ್ನು ಹೇಳಿದಾಗಲೆಲ್ಲ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಎಚ್‌ಬಿಸಿಡಿ ಅಂತ ಇನ್ನೊಂದಿದೆ, ಅದು ಕಟ್ಟಡಗಳ ಗೋಡೆಗೆ ಹಾಕುವ ಥರ್ಮಾಕೋಲ್ ಹಾಳೆಗಳಲ್ಲಿ.

ಬೆಂಕಿಯನ್ನು ಅದು ಹೇಗೆ ತಡೆಯುತ್ತದೆ?

ಉರಿ ಹಬ್ಬುವುದು ಗಾಳಿಯಲ್ಲಿ ಸರಸರ ನಡೆಯುವ ಒಂದು ಸರಪಳಿ ಕ್ರಿಯೆಯಿಂದ. ಬಿಸಿ ತಗುಲಿದ ಕೂಡಲೇ ಈ ರಾಸಾಯನಿಕ ಒಡೆದು ಬ್ರೋಮಿನ್ ಬಿಡುತ್ತದೆ. ಆ ಬ್ರೋಮಿನ್ ಉರಿಯನ್ನು ಮುಂದಕ್ಕೆ ಒಯ್ಯುವ ಚುರುಕು ಕಣಗಳನ್ನು ಹಿಡಿದುಹಾಕುತ್ತದೆ. ಸರಪಳಿ ಕಡಿಯುತ್ತದೆ. ಜೊತೆಗೆ ಆಂಟಿಮೊನಿ ಆಕ್ಸೈಡ್ ಬೆರೆಸಿದರೆ ಕೆಲಸ ಇನ್ನೂ ಜೋರು. ರಂಜಕ ಇರುವ ಬಗೆಗಳ ದಾರಿ ಬೇರೆ, ಅವು ಸಾಮಾನಿನ ಮೇಲೆ ಇದ್ದಿಲಿನ ಪದರ ಕಟ್ಟಿಸುತ್ತವೆ.

ಬೆಂಕಿ ಅನಾಹುತ ತಪ್ಪಿಸಬೇಕು ಅನ್ನುವ ಉದ್ದೇಶ ಒಳ್ಳೆಯದೇ. ಅದನ್ನು ಯಾರೂ ಅಲ್ಲಗಳೆಯಬಾರದು. ನನ್ನ ತಕರಾರು, ಹಾಕಿದ ರಾಸಾಯನಿಕ ಹಾಕಿದ ಜಾಗದಲ್ಲಿ ಉಳಿಯಲಿಲ್ಲ ಅನ್ನುವುದಕ್ಕೆ.

ಟಿವಿ ಒಳಗಿನದು ಹೊರಗೆ ಹೇಗೆ ಬರುತ್ತದೆ?

ಪಿಬಿಡಿಇಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದಿಲ್ಲ, ಸುಮ್ನೆ ಬೆರೆತಿರುತ್ತವೆ. ಚಕ್ಕುಲಿ ಹಿಟ್ಟಿನಲ್ಲಿ ಎಳ್ಳು ಬೆರೆತ ಹಾಗೆ. ಚಕ್ಕುಲಿ ಮುರಿದರೆ ಎಳ್ಳು ಉದುರುತ್ತದಲ್ಲ, ಹಾಗೆಯೇ ಪ್ಲಾಸ್ಟಿಕ್ ಹಳೆಯದಾಗಿ ಸವೆದಂತೆ ಇದೂ ಉದುರುತ್ತದೆ. ಟಿವಿ ಬಿಸಿಯಾದಾಗ ಸ್ವಲ್ಪ ಆವಿಯಾಗಿ ಬಂದು ಮನೆಯ ಧೂಳಿಗೆ ಅಂಟುತ್ತದೆ. ಆ ಧೂಳು ಕಸಬರಿಗೆಗೆ, ನೆಲ ಒರೆಸಿದ ಬಟ್ಟೆಗೆ, ಆಮೇಲೆ ಬಕೆಟ್ ನೀರಿಗೆ, ಅಲ್ಲಿಂದ ಚರಂಡಿಗೆ. ಬಟ್ಟೆ ಒಗೆದ ನೀರಿನಲ್ಲೂ ಹೋಗುತ್ತದೆ.

ಆದರೆ ದೊಡ್ಡ ಪಾಲು ಬರುವುದು ಸಾಮಾನು ಸತ್ತ ಮೇಲೆ. ಗುಜರಿ ಅಂಗಡಿಯ ಹಿಂದೆ ಒಡೆದಾಗ, ಕಸದ ಗುಡ್ಡೆಯಲ್ಲಿ ಮಳೆಗೆ ನೆನೆದಾಗ, ಎಲ್ಲಕ್ಕಿಂತ ಜಾಸ್ತಿ ಬಯಲಲ್ಲಿ ಸುಟ್ಟಾಗ. ಎಲ್ಲ ಬೆಂಕಿತಡೆಯೂ ಹೀಗೆ ಉದುರುವುದಿಲ್ಲ ಅಂತಲೂ ಹೇಳಬೇಕು. ಸರ್ಕ್ಯೂಟ್ ಬೋರ್ಡಿನಲ್ಲಿ ಬಳಸುವ ಟಿಬಿಬಿಪಿಎ ಹೆಚ್ಚಾಗಿ ಆ ಹಲಗೆಯ ರಾಳಕ್ಕೇ ಬೆಸೆದುಕೊಂಡಿರುತ್ತದೆ, ಹಾಗಾಗಿ ಬೋರ್ಡ್ ಸುಮ್ನೆ ಇದ್ದಷ್ಟು ದಿನ ಅಷ್ಟಾಗಿ ಹೊರಬರುವುದಿಲ್ಲ.

ನೀರಿನಲ್ಲಿ ಕರಗದ ವಸ್ತು ಅಳಿವೆ ತನಕ ಹೇಗೆ ಹೋಗುತ್ತದೆ? ಅಲ್ಲೇ ಯಾಕೆ ನಿಲ್ಲುತ್ತದೆ?

ಇಡೀ ವಿಷಯದ ಬೀಗದಕೈ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ.

ಒಗ್ಗರಣೆ ಸೌಟನ್ನು ಸೋಪು ಹಾಕದೆ ತೊಳೆದು ನೋಡಿ. ಜಿಡ್ಡು ನೀರಿಗೆ ಬಿಡುವುದಿಲ್ಲ. ಅದೇ ಸೌಟಿಗೆ ಒಂದು ಹಿಡಿ ಬೂದಿ ಹಾಕಿ ಉಜ್ಜಿದರೆ ಜಿಡ್ಡು ಬೂದಿಗೆ ಹತ್ತಿಕೊಂಡು ಹೋಗುತ್ತದೆ. ಪಿಬಿಡಿಇ ನೀರನ್ನು ಕಂಡರೆ ದೂರ ಸರಿಯುವ ಜಿಡ್ಡಿನ ಜಾತಿ. ನೀರಿಗೆ ಬಿದ್ದ ಕೂಡಲೇ ಸಣ್ಣ ಜೇಡಿಮಣ್ಣಿನ ಕಣ, ಕೊಳೆತ ಎಲೆಯ ಚೂರು, ಇಂಥದ್ದನ್ನು ಹುಡುಕಿ ಅಂಟಿಕೊಳ್ಳುತ್ತದೆ. ಆ ಕಣದ ಮೇಲೆ ಕೂತು ಹೊಳೆಯಲ್ಲಿ ಪ್ರಯಾಣ. ಮರಳಿಗೆ ಅಷ್ಟು ಅಂಟುವುದಿಲ್ಲ, ನುಣುಪು ಕೆಸರಿಗೆ ಜಾಸ್ತಿ.

ಇನ್ನು ಅಳಿವೆ. ಹಿಂದೆ ಹಳ್ಳಿಗಳಲ್ಲಿ ಕದಡಿದ ನೀರಿನ ಕೊಡದಲ್ಲಿ ಪಟಿಕ ಆಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಣ್ಣೆಲ್ಲ ಗಂಟುಕಟ್ಟಿ ತಳಕ್ಕೆ ಇಳಿಯುತ್ತಿತ್ತು. ಅಳಿವೆಯಲ್ಲಿ ಆ ಕೆಲಸವನ್ನು ಸಮುದ್ರದ ಉಪ್ಪು ಮಾಡುತ್ತದೆ. ಹೊಳೆಯಲ್ಲಿ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿದ್ದ ಜೇಡಿ ಕಣಗಳು ಉಪ್ಪು ಸಿಕ್ಕ ಕೂಡಲೇ ಒಂದಕ್ಕೊಂದು ಅಂಟಿ ಭಾರವಾಗುತ್ತವೆ. ಅಲ್ಲಿ ಹರಿವೂ ನಿಧಾನ. ಹೀಗೆ ನೂರಾರು ಕಿಲೋಮೀಟರ್ ಹೊತ್ತು ತಂದದ್ದನ್ನು ನದಿ ಕೊನೆಯ ಕೆಲವೇ ಕಿಲೋಮೀಟರ್‌ಗಳಲ್ಲಿ ಇಳಿಸಿಬಿಡುತ್ತದೆ. ಏಡಿ, ಸಿಗಡಿ, ಮೀನುಮರಿ ಬೆಳೆಯುವುದೂ ಅದೇ ಕೆಸರಿನಲ್ಲಿ.

ನಡುವೆ ಮೆಟ್ಟೂರು ಅಣೆಕಟ್ಟು ಇದೆಯಲ್ಲ, ನಮ್ಮ ಕೆಸರು ಅಲ್ಲೇ ನಿಲ್ಲುವುದಿಲ್ಲವಾ?

ಮಂಡ್ಯದ ಒಬ್ಬ ನಿವೃತ್ತ ಎಂಜಿನಿಯರ್ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ಕಾವೇರಿಯ ಉದ್ದ ಸುಮಾರು 800 ಕಿಲೋಮೀಟರ್. ದಾರಿಯಲ್ಲಿ 1934ರಿಂದ ಮೆಟ್ಟೂರು ನಿಂತಿದೆ. ನಮ್ಮ ಕಡೆಯ ಹೂಳಿನ ದೊಡ್ಡ ಪಾಲು ಆ ಜಲಾಶಯದ ತಳದಲ್ಲೇ ಕೂರುತ್ತದೆ. ಅದಕ್ಕೂ ಮುಂಚೆ ಸಂಗಮದಲ್ಲಿ ಅರ್ಕಾವತಿ ಬಂದು ಸೇರುತ್ತಾಳೆ, ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯನ್ನೂ ಹೊತ್ತುಕೊಂಡು. ಮೆಟ್ಟೂರು ದಾಟಿದ ಮೇಲೆ ದಡದ ಊರುಗಳ ಪಾಲು, ಮುಖಜ ಭೂಮಿಯ ಊರುಗಳ ಪಾಲು ಬೇರೆ. ಪೂಂಪುಹಾರ್ ಕೆಸರಿನಲ್ಲಿ ಇರುವುದೆಲ್ಲ ಮೈಸೂರಿನದು ಅಂತ ನಾನು ಎಂದೂ ಹೇಳಿಲ್ಲ.

ಆದರೆ ಜಲಾಶಯದ ತಳದಲ್ಲಿ ಕೂತರೆ ಮುಗಿಯಿತು ಅಂತಲೂ ಅಲ್ಲ. ಪ್ರವಾಹ ಬಂದು ತೂಬು ತೆರೆದಾಗ ತೀರಾ ನುಣುಪಾದ ಕಣ ತಳದಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಹಗುರವಾದ ಬಗೆಗಳು ಗಾಳಿಯಲ್ಲೂ ದೂರ ಹೋಗುತ್ತವೆ. ಯಾವ ಕಾರ್ಖಾನೆಯೂ ಇಲ್ಲದ ಉತ್ತರ ಧ್ರುವದ ಪ್ರಾಣಿಗಳ ಕೊಬ್ಬಿನಲ್ಲಿ ಪಿಬಿಡಿಇ ಸಿಕ್ಕಿದೆ.

ಭಾರತದ ಅಳಿವೆಗಳಲ್ಲಿ ಸಿಕ್ಕಿದೆಯಾ? ಎಷ್ಟಿರುತ್ತದೆ?

ಸಿಕ್ಕಿದೆ. ಗಂಗೆಯ ಬಾಯಿಯ ಸುಂದರಬನದಲ್ಲಿ ಕೊಳವೆ ಒತ್ತಿ ತೆಗೆದ ಕೆಸರಿನ ಕಂಬಗಳಲ್ಲಿ ಪಿಬಿಡಿಇ ಇರುವುದು 2007ರಲ್ಲೇ ಪ್ರಕಟವಾಗಿದೆ.

ಪ್ರಮಾಣ ಹೇಳುವುದು ಒಂದು ಗ್ರಾಂ ಒಣಗಿದ ಕೆಸರಿನಲ್ಲಿ ಎಷ್ಟು ನ್ಯಾನೋಗ್ರಾಂ ಅಂತ. ಮಂಡ್ಯದಲ್ಲಿ ನಾನು ಇದನ್ನು ಕಬ್ಬಿನ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತು ಟನ್ ಹೊತ್ತ ನೂರು ಲಾರಿ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಕಬ್ಬಿನ ಬದಲು ಕೆಸರು. ಆ ನೂರು ಲಾರಿಯಲ್ಲಿ ಒಟ್ಟು ಒಂದು ಗ್ರಾಂ, ಅಂದರೆ ಒಂದು ಚಿಟಿಕೆ, ಇದ್ದರೆ ಅದು ಗ್ರಾಂಗೆ ಒಂದು ನ್ಯಾನೋಗ್ರಾಂ. ಜಗತ್ತಿನ ಅಳಿವೆಗಳಲ್ಲಿ ಒಂದಕ್ಕಿಂತ ಕಡಿಮೆಯಿಂದ ನೂರಾರು ತನಕ ಸಿಗುತ್ತದೆ. ಕಾರ್ಖಾನೆ ಪಕ್ಕದಲ್ಲಿ ಸಾವಿರ ದಾಟಿದ್ದೂ ಇದೆ. ಹೆಚ್ಚಿನ ಕಡೆ ಕೆಸರಿನಲ್ಲಿ ಮೇಲುಗೈ ಡೆಕಾದ್ದೇ.

ಇಷ್ಟು ಚಿಟಿಕೆಗೆ ಯಾಕಪ್ಪಾ ಗಾಬರಿ ಅನ್ನಿಸಬಹುದು. ಕೆಸರು ತಿನ್ನುವ ಹುಳದ ಮೈಯಲ್ಲಿ ಅದು ಸೇರುತ್ತಾ ಹೋಗುತ್ತದೆ, ಹುಳ ತಿಂದ ಮೀನಿನಲ್ಲಿ ಇನ್ನಷ್ಟು, ಮೀನು ತಿಂದ ಹಕ್ಕಿಯಲ್ಲಿ, ಸೀಲ್‌ನಲ್ಲಿ ಮತ್ತೂ ಅಷ್ಟು. ಚಿಟಿಕೆ ಚಿಟಿಕೆಯಾಗಿ ಉಳಿಯುವುದಿಲ್ಲ.

ಕೆಸರನ್ನು ಹೇಗೆ ಪರೀಕ್ಷೆ ಮಾಡುತ್ತಾರೆ?

ಲ್ಯಾಬಿನಲ್ಲಿದ್ದಾಗ ಒಮ್ಮೆ ಗೆಳತಿಯೊಬ್ಬಳ ಕೆಲಸಕ್ಕೆ ಕೈಜೋಡಿಸಲು ಮಂಗಳೂರಿಗೆ ಹೋಗಿದ್ದೆ. ನೇತ್ರಾವತಿ, ಗುರುಪುರ ನದಿ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗ, ಬೆಂಗ್ರೆಯ ಎದುರು. ನೀರು ಇಳಿದಿದ್ದ ಹೊತ್ತು. ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಆರಿಸುತ್ತಿದ್ದರು. ನಾವು ದೋಣಿಯಿಂದ ಲೋಹದ ಕೊಳವೆಯನ್ನು ಕೆಸರಿಗೆ ಒತ್ತಿ ಮೇಲೆತ್ತಿದೆವು. ಒಳಗಿನ ಕಂಬವನ್ನು ಹೊರಗೆ ತಳ್ಳಿದಾಗ ಮೇಲೆ ಬೆರಳಿನ ದಪ್ಪದಷ್ಟು ಕಂದು, ಅದರ ಕೆಳಗೆ ಕಾಡಿಗೆಯಷ್ಟು ಕಪ್ಪು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಮುಟ್ಟಿದರೆ ಬೆಣ್ಣೆಯ ಹಾಗೆ ನುಣುಪು. ನಡುವೆ ಒಂದು ಹಾಲಿನ ಪ್ಯಾಕೆಟ್ಟಿನ ಮೂಲೆ ಸಿಕ್ಕಿತು, ಮೇಲಿನ ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ.

ಕಂಬವನ್ನು ಒಂದೊಂದು ಸೆಂಟಿಮೀಟರ್ ಬಿಲ್ಲೆಯಾಗಿ ಕೊಯ್ಯಬೇಕು. ಪ್ಲಾಸ್ಟಿಕ್ ಡಬ್ಬಿ ಕೂಡದು, ಯಾಕೆಂದರೆ ಹುಡುಕುತ್ತಿರುವುದೇ ಪ್ಲಾಸ್ಟಿಕ್ಕಿನಿಂದ ಬಂದ ವಸ್ತುವನ್ನು. ಮೊದಲ ದಿನ ಅವಸರದಲ್ಲಿ ನಾನು ಎರಡು ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಬಿಟ್ಟೆ. ಎರಡನ್ನೂ ಬಿಸಾಡಬೇಕಾಯಿತು. ಗಾಜಿನ ಜಾಡಿಯೇ ಬೇಕು, ಅದೂ ಕಂದು ಗಾಜು. ಡೆಕಾ ಬೆಳಕಿಗೆ ಒಡೆಯುತ್ತದೆ.

ಲ್ಯಾಬಿಗೆ ಬಂದ ಮೇಲೆ ಕೆಸರನ್ನು ಹೆಪ್ಪುಗಟ್ಟಿಸಿ ಒಣಗಿಸಿ, ದ್ರಾವಕದಲ್ಲಿ ಗಂಟೆಗಟ್ಟಲೆ ಕುದಿಸಿ ಜಿಡ್ಡಿನ ಅಂಶವನ್ನೆಲ್ಲ ಹೊರಗೆ ಎಳೆಯುತ್ತಾರೆ. ಕೆಸರಿನ ಗಂಧಕ ಅಡ್ಡ ಬರುತ್ತದೆ. ಅದನ್ನು ತೆಗೆಯಲು ಫಳಫಳ ಹೊಳೆಯುವ ತಾಮ್ರದ ಚೂರು ಹಾಕುತ್ತಾರೆ, ನೋಡುತ್ತಿದ್ದ ಹಾಗೆಯೇ ತಾಮ್ರ ಕಪ್ಪಾಗುತ್ತದೆ. ಆಮೇಲೆ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಬಗೆಬಗೆಯ ಪಿಬಿಡಿಇಗಳನ್ನು ಬೇರೆ ಮಾಡಿ, ಬ್ರೋಮಿನ್ನಿನ ತೂಕ ಹಿಡಿದು ಗುರುತಿಸುತ್ತದೆ. ಬ್ರೋಮಿನ್ನಿಗೆ 79, 81 ಅಂತ ಎರಡು ತೂಕ, ಎರಡೂ ಹೆಚ್ಚುಕಮ್ಮಿ ಸಮಪಾಲು. ಅದು ಅದರ ಹಣೆಬರಹ, ಬಚ್ಚಿಡಲು ಆಗುವುದಿಲ್ಲ. ಡೆಕಾ ಯಂತ್ರದ ಬಿಸಿಗೂ ಒಡೆಯುವುದರಿಂದ ಅದಕ್ಕೆ ಗಿಡ್ಡ ಕೊಳವೆಯೇ ಬೇಕು.

ಯಾವ ಪದರ ಯಾವ ಕಾಲದ್ದು ಅಂತ ಹೇಗೆ ಗೊತ್ತಾಗುತ್ತದೆ?

ಗಾಳಿಯಿಂದ ಬೀಳುವ ಸೀಸ-210 ಎಂಬ ವಿಕಿರಣ ವಸ್ತು ಸುಮಾರು 22 ವರ್ಷಕ್ಕೆ ಅರ್ಧ ಆಗುತ್ತದೆ. ಪದರದಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ವಯಸ್ಸು ಹೇಳುತ್ತಾರೆ. ಅಣುಬಾಂಬ್ ಪರೀಕ್ಷೆಗಳಿಂದ ಬಂದ ಸೀಸಿಯಂ-137 ಕೆಸರಿನಲ್ಲಿ 1963ರ ಸುಮಾರಿಗೆ ಶಿಖರ ಮುಟ್ಟುತ್ತದೆ, ಅದೊಂದು ಗೆರೆ ಎಳೆದ ಹಾಗೆ. ಮರದ ಸುತ್ತುಗಳನ್ನು ಎಣಿಸಿದಂತೆ ಕೆಸರನ್ನೂ ಓದಬಹುದು.

ಕೆಸರಿನಲ್ಲಿ ಹೂತುಹೋದರೆ ಒಳ್ಳೆಯದೇ ಅಲ್ವಾ?

ಮೇಲೆ ಹೊಸ ಹೂಳು ಬಿದ್ದು ಮುಚ್ಚಿಕೊಂಡೇ ಇದ್ದರೆ ಹೌದು, ಒಂದು ಮಟ್ಟಿಗೆ ಒಳ್ಳೆಯದು. ಆದರೆ ಅಳಿವೆ ಸುಮ್ನೆ ಇರುವ ಜಾಗ ಅಲ್ಲ. ಏಡಿ ಬಿಲ ತೋಡುತ್ತದೆ, ಹುಳ ಕೆಳಗಿನದನ್ನು ಮೇಲೆ ತರುತ್ತದೆ, ಚಂಡಮಾರುತ ಕಲಕುತ್ತದೆ, ಬಂದರಿಗೆ ಹಡಗು ಬರಲಿ ಅಂತ ನಾವೇ ಹೂಳೆತ್ತುತ್ತೇವೆ. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಡೆಕಾದಿಂದ ಒಂದೊಂದೇ ಬ್ರೋಮಿನ್ ಕಿತ್ತುಹಾಕುತ್ತವೆ, ತುಂಬಾ ನಿಧಾನವಾಗಿ. ಕೇಳಲು ಒಳ್ಳೆಯ ಸುದ್ದಿ ಅನ್ನಿಸುತ್ತದೆ, ಅಲ್ವಾ? ಹತ್ತು ಬ್ರೋಮಿನ್ ಹೊತ್ತ ಡೆಕಾ ಭಾರಿ ದೊಡ್ಡದು, ಜೀವಿಗಳ ಮೈಗೆ ಸುಲಭವಾಗಿ ಇಳಿಯುವುದಿಲ್ಲ. ನಾಲ್ಕೈದು ಬ್ರೋಮಿನ್ ಉಳಿದ ಸಣ್ಣವು ಸಲೀಸಾಗಿ ಇಳಿಯುತ್ತವೆ, ಕೊಬ್ಬಿನಲ್ಲಿ ಗಟ್ಟಿಯಾಗಿ ಕೂರುತ್ತವೆ.

ತಳದಿಂದ ಎತ್ತಿ ಶುದ್ಧ ಮಾಡಬಹುದಲ್ಲ?

ಸುಲಭ ಅಲ್ಲ. ಅಮೆರಿಕದ ಹಡ್ಸನ್ ನದಿಯಲ್ಲಿ ಪಿಸಿಬಿ ಎಂಬ ಇದರ ಸೋದರ ಸಂಬಂಧಿ ವಿಷವನ್ನು ತೆಗೆಯಲು 2009ರಿಂದ 2015ರ ತನಕ ಕೆಸರು ಎತ್ತಿದರು. ಎತ್ತುವಾಗ ಕದಡುತ್ತದೆ, ಎತ್ತಿದ್ದನ್ನು ಎಲ್ಲಿ ಹಾಕುವುದು ಅನ್ನುವುದು ಇನ್ನೊಂದು ತಲೆನೋವು. ಬರುವ ದಾರಿ ಮುಚ್ಚುವುದೇ ಅಗ್ಗ.

ಮನುಷ್ಯರಿಗೆ ಏನಾಗುತ್ತದೆ?

ನಮ್ಮ ಥೈರಾಯ್ಡ್ ಹಾರ್ಮೋನಿನಲ್ಲಿ ಅಯೋಡಿನ್ ಇರುತ್ತದೆ. ಪಿಬಿಡಿಇಯ ಆಕಾರ ಅದನ್ನೇ ಹೋಲುತ್ತದೆ, ಅಯೋಡಿನ್ ಜಾಗದಲ್ಲಿ ಬ್ರೋಮಿನ್. ಹಾಗಾಗಿ ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಆ ಹಾರ್ಮೋನ್ ಬೇಕೇ ಬೇಕು. ಅಮೆರಿಕದಲ್ಲಿ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ಗರ್ಭಿಣಿಯ ರಕ್ತದಲ್ಲಿ ಪಿಬಿಡಿಇ ಜಾಸ್ತಿ ಇದ್ದ ಮಕ್ಕಳ ಬುದ್ಧಿಮಟ್ಟದ ಅಂಕ ಕಡಿಮೆ ಬಂದಿತ್ತು. ಡೆಕಾ ನಮ್ಮ ಮೈಯಲ್ಲಿ ಸುಮಾರು ಎರಡು ವಾರಕ್ಕೆ ಅರ್ಧ ಆಗುತ್ತದೆ. ಸಣ್ಣ ಬಗೆಗಳಿಗೆ ವರ್ಷಗಳೇ ಬೇಕು.

ಹಾಲಿನ ಸಂಘಗಳಲ್ಲಿ ನಾನು ತಪ್ಪದೆ ಹೇಳುವ ಒಂದು ಘಟನೆ ಇದೆ. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪಶು ಆಹಾರಕ್ಕೆ ಹಾಕಬೇಕಿದ್ದ ಮೆಗ್ನೀಸಿಯಂ ಆಕ್ಸೈಡ್ ಬದಲು ಪಿಬಿಬಿ ಎಂಬ ಬೆಂಕಿತಡೆ ಪುಡಿಯ ಮೂಟೆಗಳು ತಪ್ಪಿ ಹೋದವು. ಹಸುಗಳು ತಿಂದವು. ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆಯಿತು. ಕಾರಣ ಗೊತ್ತಾಗುವಷ್ಟರಲ್ಲಿ ಹಾಲು, ಮಾಂಸ ಎಲ್ಲ ಜನರ ಹೊಟ್ಟೆ ಸೇರಿತ್ತು. ಕೊನೆಗೆ ಸುಮಾರು 30,000 ದನಗಳನ್ನು ಕೊಂದು ಹೂಳಬೇಕಾಯಿತು. ಇದನ್ನು ಹೇಳುವಾಗ ಮದ್ದೂರು ಕಡೆಯ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಯಲ್ಲಿ ಎರಡು ಹಸು ಸಾಕಿದವರಿಗೆ ಆ ಸಂಖ್ಯೆ ಬೇರೆಯೇ ಥರ ಕೇಳಿಸುತ್ತದೆ.

ಹಾಗಾದರೆ ಮಂಗಳೂರಿನ ಮೀನು ಬಿಡಬೇಕಾ?

ಬೇಡ. ಮೀನು ಒಳ್ಳೆಯ ಆಹಾರ. ನಮ್ಮ ಮೈಗೆ ಪಿಬಿಡಿಇ ಸೇರುವ ಮುಖ್ಯ ದಾರಿಗಳಲ್ಲಿ ಮನೆಯ ಧೂಳೂ ಒಂದು, ಅದರಲ್ಲೂ ನೆಲದ ಮೇಲೆ ಅಂಬೆಗಾಲಿಟ್ಟು ಕೈ ಬಾಯಿಗೆ ಹಾಕುವ ಮಕ್ಕಳಿಗೆ. ಮೀನಿನಲ್ಲಿ ಈ ವಸ್ತು ಕೂರುವುದು ಕೊಬ್ಬಿನಲ್ಲಿ ಮತ್ತು ಯಕೃತ್ತಿನಂಥ ಒಳ ಅಂಗಗಳಲ್ಲಿ. ಒಳಗಿನದನ್ನು ಚೆನ್ನಾಗಿ ತೆಗೆಸಿ, ಒಂದೇ ಜಾತಿಯ ಮೀನನ್ನು ದಿನಾ ತಿನ್ನದೆ ಬದಲಿಸುತ್ತಾ ಇರಿ. ಇಷ್ಟು ಸಾಕು.

ಇವೆಲ್ಲ ನಿಷೇಧ ಆಗಿಲ್ಲವಾ?

ಬಹುಪಾಲು ಆಗಿವೆ. ಬೇಗ ನಾಶವಾಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪೆಂಟಾ, ಆಕ್ಟಾ ಮಿಶ್ರಣಗಳ ಮುಖ್ಯ ಬಗೆಗಳು 2009ರಲ್ಲಿ, ಎಚ್‌ಬಿಸಿಡಿ 2013ರಲ್ಲಿ, ಡೆಕಾ 2017ರಲ್ಲಿ ಸೇರಿದವು. ಡೆಕ್ಲೋರೇನ್ ಪ್ಲಸ್ ಎಂಬ ಇನ್ನೊಂದು ಬೆಂಕಿತಡೆ 2023ರಲ್ಲಿ. ಭಾರತ ಆ ಒಪ್ಪಂದಕ್ಕೆ 2006ರಲ್ಲಿ ಸೇರಿತು. 2018ರ ನಿಯಮದಲ್ಲಿ ಏಳು ವಸ್ತುಗಳಿಗೆ ನಿಷೇಧ ಬಂತು, ಪೆಂಟಾ, ಆಕ್ಟಾ, ಎಚ್‌ಬಿಸಿಡಿ ಅದರಲ್ಲಿವೆ. ಆ ಏಳರಲ್ಲಿ ಡೆಕಾ ಇರಲಿಲ್ಲ. ಆದರೆ ಇ-ತ್ಯಾಜ್ಯ ನಿಯಮದ ಪ್ರಕಾರ ಹೊಸ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಪಿಬಿಡಿಇ ಶೇಕಡಾ 0.1ಕ್ಕಿಂತ ಹೆಚ್ಚು ಇರುವಂತಿಲ್ಲ.

ಕಾಗದದ ಮೇಲೆ ನಿಷೇಧ ಆದ ದಿನ ಅಟ್ಟದ ಮೇಲಿನ ಹಳೆ ಮಾನಿಟರ್ ಮಾಯವಾಗುವುದಿಲ್ಲ. ಅದು ಇನ್ನೂ ಅಲ್ಲೇ ಇದೆ.

ನಿಷೇಧ ಮಾಡಿದ್ದರಿಂದ ಪ್ರಯೋಜನ ಆಗಿದೆಯಾ?

ಆಗಿದೆ. ಇದನ್ನು ಹೇಳುವುದು ನನಗೆ ತುಂಬಾ ಇಷ್ಟ. ಸ್ವೀಡನ್ನಿನಲ್ಲಿ ತಾಯಿಹಾಲಿನ ಮಾದರಿಗಳನ್ನು ಕಾಪಿಟ್ಟಿದ್ದರು. ಅವನ್ನು ತೆಗೆದು ನೋಡಿದಾಗ 1972ರಿಂದ 1997ರ ತನಕ ಪಿಬಿಡಿಇ ಸುಮಾರು ಐದು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಬಂದಿತ್ತು. ಸುದ್ದಿ ಹೊರಬಂದ ಮೇಲೆ ಯುರೋಪಿನಲ್ಲಿ ಬಳಕೆ ಬಿಗಿಯಾಯಿತು, ಹಾಲಿನಲ್ಲಿ ಇಳಿಯಲು ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಇನ್ನೊಂದು ಉದಾಹರಣೆ. ಅದೂ ಅಳಿವೆಯೇ. ಒಂದು ಕಾಲಕ್ಕೆ ಅಲ್ಲಿನ ಸೀಲ್‌ಗಳಲ್ಲಿ, ಹಕ್ಕಿ ಮೊಟ್ಟೆಗಳಲ್ಲಿ ಪಿಬಿಡಿಇ ವಿಪರೀತ ಇತ್ತು. 2004ರ ಕೊನೆಗೆ ಅಮೆರಿಕದಲ್ಲಿ ಪೆಂಟಾ, ಆಕ್ಟಾ ತಯಾರಿಕೆ ನಿಂತಿತು. ಮುಂದಿನ ಹತ್ತು ವರ್ಷದೊಳಗೆ ಚಿಪ್ಪುಜೀವಿ, ಮೀನು, ಮೊಟ್ಟೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಅರ್ಧ ಇಲ್ಲವೇ ಅದಕ್ಕಿಂತ ಜಾಸ್ತಿ ಇಳಿಯಿತು. ಕೆಸರಿನಲ್ಲಿ ಸಣ್ಣ ಬಗೆಗಳೂ ಇಳಿದವು. ಡೆಕಾ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಈಗ ಬದಲಿಗೆ ಏನು ಹಾಕುತ್ತಾರೆ?

ಡೆಕಾ ಬದಲು ಡಿಬಿಡಿಪಿಇ ಅಂತ ಅದರದ್ದೇ ತದ್ರೂಪು. ಫೋಮಿಗೆ ಕ್ಲೋರಿನ್, ರಂಜಕ ಇರುವ ಟ್ರಿಸ್ ಜಾತಿಯವು. ಟ್ರಿಸ್ ಕತೆ ಹಳೆಯದು. 1977ರಲ್ಲಿ ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿನಿಂದ ಬ್ರೋಮಿನ್ ಟ್ರಿಸ್ ಅನ್ನು ತೆಗೆಸಿದರು, ಅದು ಜೀನುಗಳಿಗೆ ಹಾನಿ ಮಾಡುತ್ತದೆ ಅಂತ ವಿಜ್ಞಾನಿಗಳಾದ ಅರ್ಲೀನ್ ಬ್ಲಮ್, ಬ್ರೂಸ್ ಏಮ್ಸ್ ತೋರಿಸಿಕೊಟ್ಟ ಮೇಲೆ. ಅದರ ಜಾಗಕ್ಕೆ ಬಂದದ್ದು ಕ್ಲೋರಿನ್ ಟ್ರಿಸ್. ಅದರ ಮೇಲೂ ಅದೇ ದೂರು. ಒಂದನ್ನು ತೆಗೆದು ಅದರ ತಮ್ಮನನ್ನು ಕೂರಿಸುವ ಈ ಚಾಳಿ ನಿಲ್ಲಬೇಕು. ಟಿವಿ ಕವಚಕ್ಕೆ ಲೋಹ ಬಳಸಬಹುದು, ಸುಲಭಕ್ಕೆ ಹೊತ್ತಿಕೊಳ್ಳದ ಬಟ್ಟೆಯನ್ನು ಸೋಫಾಗೆ ಹೊದಿಸಬಹುದು.

ಕೆರೆ ಗೋಡು ಹೊಲಕ್ಕೆ ಹೊಡೆಯುತ್ತೇವೆ. ತೊಂದರೆ ಇದೆಯಾ?

ಮಳೆನೀರು ಮಾತ್ರ ಬರುವ ಹಳ್ಳಿ ಕೆರೆಯ ಗೋಡು ಬಂಗಾರ, ಧಾರಾಳವಾಗಿ ಹೊಡೆಯಿರಿ. ಊರ ಕೊಳಚೆ ಬೀಳುವ ಕೆರೆಯದ್ದು ಬೇಡ. ಬೆಂಕಿತಡೆ ಇರಲಿ ಬಿಡಲಿ, ಸೀಸ, ಕ್ಯಾಡ್ಮಿಯಂ ಅಂಥ ಲೋಹಗಳಾದರೂ ಅದರಲ್ಲಿ ಸೇರಿರುವ ಸಂಭವ ಜಾಸ್ತಿ. ಗುಜರಿ ಸುಡುವ ಜಾಗದ ಪಕ್ಕದ ಕುಂಟೆಯ ಮಣ್ಣನ್ನಂತೂ ಮುಟ್ಟಲೇಬೇಡಿ.

ಕುಡಿಯುವ ನೀರಿಗೆ ಹೊಸ ಫಿಲ್ಟರ್ ಹಾಕಿಸಬೇಕಾ?

ಇದಕ್ಕಾಗಿ ಬೇಡ. ಪಿಬಿಡಿಇ ನೀರಿನಲ್ಲಿ ನಿಲ್ಲುವುದೇ ಇಲ್ಲ.

ಮನೆಯಲ್ಲಿ ಏನು ಮಾಡಬಹುದು? ಹಳೆ ಸೋಫಾ ಬಿಸಾಡಬೇಕಾ?

ಬಿಸಾಡಿದರೆ ಅದು ಹೋಗುವುದು ಎಲ್ಲಿಗೆ? ಕಸದ ಗುಡ್ಡೆಗೆ. ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಫೋಮ್ ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ತೆಗೆಯಿರಿ, ಮಕ್ಕಳಿಗೆ ಕಿತ್ತು ಆಡಲು ಬಿಡಬೇಡಿ. ಒಣ ಕಸಬರಿಗೆಗಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೇಲು, ಟಿವಿ ಹಿಂದೆ ವಾರಕ್ಕೊಮ್ಮೆ ಆದರೂ. ಮಕ್ಕಳ ಕೈ ತೊಳೆಸಿ ಊಟಕ್ಕೆ ಕೂರಿಸಿ. ನಮ್ಮ ಅಜ್ಜಿಯರು ಇದನ್ನು ಯಾವ ರಾಸಾಯನಿಕದ ಹೆಸರೂ ಗೊತ್ತಿಲ್ಲದೆ ಹೇಳುತ್ತಿದ್ದರು.

ಕೆಟ್ಟ ಟಿವಿ, ಮಾನಿಟರ್, ಚಾರ್ಜರ್, ವೈರ್ ಇವನ್ನು ಅಂಗಳದಲ್ಲಿ ಒಡೆಯಬೇಡಿ, ಹಸಿ ಕಸದ ಜೊತೆ ಹಾಕಬೇಡಿ. ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಕೊಡಿ. ಬಡಾವಣೆಯವರೆಲ್ಲ ಸೇರಿ ವರ್ಷಕ್ಕೆರಡು ಸಲ ಒಟ್ಟು ಮಾಡಿ ಕರೆದರೆ ಅವರೇ ಗಾಡಿ ತರುವುದುಂಟು. ಆಯುಧಪೂಜೆಗೆ ಮನೆ ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಬದಿಗಿಟ್ಟರೆ ಸಾಕು, ತಾನಾಗಿ ತುಂಬುತ್ತದೆ.

ವೈರ್ ಸುಡುವವರನ್ನು ಕಂಡರೆ ಏನು ಮಾಡಬೇಕು?

ಹೋದ ವರ್ಷ ಬೇಸಗೆಯಲ್ಲಿ ರಿಂಗ್ ರಸ್ತೆ ಕಡೆ ಸಂಜೆ ನಡೆಯುತ್ತಿದ್ದೆ. ಖಾಲಿ ಸೈಟಿನಲ್ಲಿ ಇಬ್ಬರು ಹುಡುಗರು ವೈರಿನ ಉಂಡೆಗೆ ಬೆಂಕಿ ಹಚ್ಚಿದ್ದರು. ಪಕ್ಕದಲ್ಲಿ ಒಡೆದ ಮಾನಿಟರಿನ ಕವಚವೂ ಕರಗುತ್ತಿತ್ತು. ಹೊಗೆ ದಟ್ಟ ಕಪ್ಪು, ಉರಿಯ ಅಂಚು ಮಾತ್ರ ಗಿಳಿ ಹಸಿರು. ಅದನ್ನು ನೋಡಿ ನನಗೆ ಕಾಲೇ ಬರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ತಾಮ್ರದ ತಂತಿ ಕಾಯಿಸಿ ಇದೇ ಪರೀಕ್ಷೆ ಮಾಡಿಸುತ್ತಾರೆ: ಕ್ಲೋರಿನ್ ಅಥವಾ ಬ್ರೋಮಿನ್ ಇದ್ದರೆ ಉರಿ ಹಸಿರಾಗುತ್ತದೆ. ಬ್ರೋಮಿನ್ ಇರುವ ಪ್ಲಾಸ್ಟಿಕ್ ಅರೆಬರೆ ಉರಿದಾಗ ಪಿಬಿಡಿಇ ಹಾಗೇ ಹೊರಗೆ ಹಾರುವುದಲ್ಲದೆ ಬ್ರೋಮಿನ್ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಆ ಹುಡುಗರು ಅದರ ಮೇಲೆ ಬಗ್ಗಿ ಕೋಲಿನಿಂದ ಕೆದಕುತ್ತಿದ್ದರು.

ಬೈಯಬೇಡಿ. ನಾನು ಬೈಯಲಿಲ್ಲ. "ಯಾಕಪ್ಪಾ ಸುಡ್ತೀರ?" ಅಂತ ಕೇಳಿದೆ. "ಸುಲಿಯೋಕೆ ಲೇಟಾಗುತ್ತೆ ಅಕ್ಕ, ಸುಟ್ರೆ ಬೇಗ" ಅಂದ ದೊಡ್ಡವನು. ಸುಟ್ಟ ತಾಮ್ರಕ್ಕಿಂತ ಸುಲಿದ ಹೊಳೆಯುವ ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಜಾಸ್ತಿ. ಅದು ಅವನಿಗೂ ಗೊತ್ತಿತ್ತು, ಆದರೆ ಕೈಯಲ್ಲಿ ಒಳ್ಳೆಯ ಚಾಕು ಇರಲಿಲ್ಲ. ಮರುದಿನ ವೈರ್ ಸುಲಿಯುವ ಒಂದು ಕೈಉಪಕರಣ ತಂದುಕೊಟ್ಟೆ. ದಪ್ಪ ವೈರನ್ನು ಅದರಲ್ಲಿ ಸುಲಿಯುತ್ತಾನೆ ಈಗ. ಸಣ್ಣ ವೈರನ್ನು ಸುಲಿಯಲು ಅವನಿಗೆ ಇನ್ನೂ ಆಗುತ್ತಿಲ್ಲ, ಅದನ್ನು ಒಟ್ಟು ಮಾಡಿ ಮರುಬಳಕೆಯವರಿಗೆ ಕೊಡಲು ದಾರಿ ನೋಡುತ್ತಿದ್ದೇವೆ.

ದೊಡ್ಡ ಮಟ್ಟದಲ್ಲಿ, ದಿನಾ ಸುಡುತ್ತಿದ್ದರೆ ಫೋಟೊ, ಜಾಗ, ಹೊತ್ತು ಬರೆದು ಪಾಲಿಕೆಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಸಿದುಕೊಳ್ಳಿ. ಬೂದಿಯ ವಿಷಯವನ್ನೂ ದೂರಿನಲ್ಲಿ ಬರೆಯಿರಿ. ಬೂದಿಯನ್ನು ಮೊದಲ ಮಳೆಗೆ ಮುಂಚೆ ಎತ್ತಿಸಬೇಕು. ನಾನು ಹೇಳಿದ ಸೈಟಿನ ಅಂಚಿನಲ್ಲೇ ಮಳೆನೀರು ಚರಂಡಿ ಇದೆ, ಜೂನ್ ಬಂದರೆ ಅದು ಕೆಸರೆ ಕಡೆ ಹರಿಯುತ್ತದೆ.